ಬಸ್ಸನ್ನು ಕಾರೆಂದು ಪರಿಗಣಿಸಿ ಅದರಲ್ಲಿ ಅಳಲು ಅನುಮತಿ ಕೋರಿ

ಇಂದ,
ಡೆರ್ವ್ಲಾ ಕಿಲ್ಕಲನ್
(ಸೈವ್ ಕಿಲ್ಕಲನ್, ವಯಸ್ಸು ಹನ್ನೊಂದು, ಇವಳ ತಾಯಿ),
ಸ್ವಿನ್‌ಫರ್ಡ್, ಮೇಯೊ ಜಿಲ್ಲೆ.

ಗೆ,
ಶ್ರೀಮತಿ ಅಟ್ರಾಕ್ಟಾ ಮುಲ್ಡೂನ್,
ಮುಖ್ಯ ಶಿಕ್ಷಕಿ, ಮುಲ್ಡೂನ್ ಐರಿಷ್ ನೃತ್ಯಶಾಲೆ.

ವಿಷಯ: ಮೇಲ್ಕಂಡಂತೆ, ಹಾಗೂ ಭಾನುವಾರ ಸ್ಲೈಗೊದಲ್ಲಿ ನಡೆಯುವ ಎಂಟು ಜನರ ಕುಣಿತದ ಕುರಿತು.

ಉಲ್ಲೇಖ:
1. ಆರು ವರ್ಷಗಳ ಹಿಂದೆ, ಮೊದಲ ಸ್ಪರ್ಧೆಯ ದಿನ, ಚರ್ಚಿನ ಸಭಾಂಗಣದ ಹಿಂದೆ ನಿಲ್ಲಿಸಿದ್ದ ಕಾರಿನಲ್ಲಿ ಅರ್ಜಿದಾರಳು ಮಗಳಿಗೆ ಕೊಟ್ಟ ಮಾತು: "ಕಾರಿನ ಬಾಗಿಲು ಹಾಕಿದ್ಮೇಲೆ ಏನು ಬೇಕಾದ್ರೂ ಹೇಳು ಪುಟ್ಟಾ. ಯಾಕೆ ಅಂತ ಕೇಳಲ್ಲ, ನೀನು ಹೇಳಿದಂಗೇ ಮಾಡ್ತೀನಿ."
2. ತಮ್ಮ ಶಾಲೆಯ "ದೇಹ ಮತ್ತು ಮನಸ್ಸಿನ ಹನ್ನೆರಡು ವಾರಗಳ ತರಬೇತಿ" ಹಾಳೆಯ ನಿಯಮ 7: "ಕಾರು ಹತ್ತುವವರೆಗೆ ಅಳತಕ್ಕದ್ದಲ್ಲ."

ಮಾನ್ಯರೇ,

ತರಗತಿ ಮುಗಿದ ಮೇಲೆ ಬಾಗಿಲಲ್ಲಿ ಅಡ್ಡಹಾಕಿ ಮಾತಾಡಿಸುವ ತಾಯಂದಿರಿಗೆ ಉತ್ತರವಿಲ್ಲ, ಏನಿದ್ದರೂ ಬರಹದಲ್ಲಿ ಕೊಡಬೇಕು ಎಂಬುದು ನಿಯಮ 1 ಆಗಿರುವ ಕಾರಣ, ವೃದ್ಧಾಶ್ರಮದ ಅಡುಗೆಮನೆಯ ಪಾಳಿ ಮುಗಿಸಿ, ಮಗಳನ್ನು ಮಲಗಿಸಿ, ಈ ಅರ್ಜಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಮನ್ನಿಸಬೇಕು.

1. ಸದರಿ ತರಬೇತಿಯನ್ನು ಮಗುವಿನ ಜೊತೆ ಪೋಷಕರೊಬ್ಬರೂ ಮಾಡತಕ್ಕದ್ದು ಎಂದು ತಾವು ಬರೆದಿರುವುದರಿಂದ ಹನ್ನೊಂದು ವಾರ ನಾನೂ ಮಾಡಿದ್ದೇನೆ. ಹಲ್ಲುಜ್ಜುತ್ತಾ ತುದಿಗಾಲ ಮೇಲೆ ಅರವತ್ತು ಸಲ ಎದ್ದಿಳಿದಿದ್ದೇನೆ. ಹಗ್ಗ ಹಾರಿದ್ದೇನೆ, ಹಿತ್ತಿಲಲ್ಲಿ ಬಟ್ಟೆ ಒಣಹಾಕುವ ಹಗ್ಗ ಈಗ ಇಲ್ಲ. ಕುಣಿಯುವಾಗ ಕೈ ಮೈಗೆ ಅಂಟಿಕೊಂಡೇ ಇರಬೇಕಾದ್ದರಿಂದ ಎರಡು ಕಂಕುಳಲ್ಲೂ ಒಂದೊಂದು ಕಾಗದ ಇರುಕಿಕೊಂಡು ನಿಲ್ಲುವ ಅಭ್ಯಾಸವನ್ನು, ಬೇರೆ ಸಮಯವಿಲ್ಲದ ಕಾರಣ, ಕೆಲಸದಲ್ಲೇ ಮಾಡಿದೆ. ಎಂಬತ್ತೊಂಬತ್ತು ವರ್ಷದ ಗಿಲ್‌ಹೂಲಿ ತಾತ ಚಮಚ ಹಿಡಿದು ಕಾಯುತ್ತಿದ್ದರು. "ಯಾಕಮ್ಮಾ, ಪೊಲೀಸ್ನೋರು ಹಿಡ್ಕೊಂಡು ಬಂದಂಗೆ ನಿಂತಿದೀಯ? ಸೂಪ್ ಹಾಕು" ಅಂದರು.

2. ಏಳನೆಯ ವಾರ ನಮ್ಮ ಕಾರು ವಾರ್ಷಿಕ ತಪಾಸಣೆಯಲ್ಲಿ ಫೇಲಾಯಿತು. ಸದರಿ ಕಾರು ಅಂಗಳದಲ್ಲಿದೆ, ಚಲಿಸುವುದಿಲ್ಲ. ಕಾರಣ, ಎಂಟನೆಯ ವಾರ ಕ್ಯಾಸಲ್‌ಬಾರಿನ ಸ್ಪರ್ಧೆಗೆ ಬಸ್ಸಿನಲ್ಲಿ ಹೋಗಬೇಕಾಯಿತು. ಅಲ್ಲಿ ಜೊತೆಗೆ ಕುಣಿಯುತ್ತಿದ್ದ ಹುಡುಗಿ ಅಡ್ಡ ಬಂದು ಸೈವ್ ಹೆಜ್ಜೆ ತಪ್ಪಿದ್ದು ತಮಗೆ ನೆನಪಿರಬಹುದು. "ಗದ್ದ ಮೇಲೆ! ಮೂರು ಎಣಿಸು, ಮರೆತುಬಿಡು" ಅಂದಿರಿ. ಇದು ನಿಯಮ 4. "ಮರೆತೆ ಮಿಸ್" ಅಂದಳು. ಬಹುಮಾನವೇನೂ ಬರಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ, ಸ್ಪರ್ಧೆಗೆ ಹಾಕುವ ಗುಂಗುರು ವಿಗ್ಗಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೇಳಿದಳು:
"ಅಮ್ಮಾ, ಬಸ್ಸು ಕಾರ್ ಲೆಕ್ಕಾನಾ?"
"ಇಲ್ಲ ಅನ್ಸುತ್ತೆ ಕಣೇ. ಮಿಸ್‌ನ ಕೇಳ್ಬೇಕು."
"ಹಂಗಾದ್ರೆ ಸರಿ."
ಹಿಂದಿನ ಸೀಟಿನ ಹೆಂಗಸು ನನ್ನ ಭುಜ ತಟ್ಟಿ, "ಏನ್ ಗಟ್ಟಿ ಹುಡುಗೀರಿ ನಿಮ್ದು! ನಮ್ಮನೇದಾಗಿದ್ರೆ ಇಷ್ಟೊತ್ತಿಗೆ ಬಸ್ಸೇ ತೇಲ್ತಿತ್ತು" ಎಂದರು. ನಾನು ಹೆಮ್ಮೆಪಟ್ಟೆ. ಇದನ್ನು ದಾಖಲಿಸುವುದು ಅಗತ್ಯ. ತಮ್ಮನ್ನು ಕೇಳಲು ಮರೆತೆ. ಇದನ್ನೂ.

3. ತರಬೇತಿ ಹಾಳೆಯಲ್ಲಿ "ಮನೋಬಲ" ಎಂಬ ಕಾಲಂ ಇದ್ದು, ಪೋಷಕರು ಹತ್ತಕ್ಕೆ ಅಂಕ ಕೊಟ್ಟು ಸಹಿ ಮಾಡಬೇಕಿರುತ್ತದೆ. ಮೊದಲ ಆರು ವಾರ ಆರು, ಏಳು ಕೊಟ್ಟಿದ್ದೇನೆ. ಏಳನೆಯ ವಾರದಿಂದ ಮಗು ಯಾವುದಕ್ಕೂ ಮುಖ ಸೊಟ್ಟ ಮಾಡದ ಕಾರಣ ಒಂಬತ್ತು, ಒಂಬತ್ತು, ಹತ್ತು, ಹತ್ತು, ಹತ್ತು.

4. ಮೊನ್ನೆ ಗುರುವಾರ ಸಂಜೆ ಊಟಕ್ಕೆ ಕರೆದರೆ ಸೈವ್ ಮನೆಯಲ್ಲಿರಲಿಲ್ಲ. ಅಂಗಳದಲ್ಲಿ, ಕೆಟ್ಟ ಕಾರಿನ ಮುಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿಕೊಂಡು ಕೂತಿದ್ದಳು.
"ಇಲ್ಲೇನೇ ಮಾಡ್ತಿದೀಯ?"
"ಕಾರಲ್ಲಿದೀನಿ."
"ಅದು ಕಾಣ್ತಿದೆ."
"ನಿಂತಿರೋ ಕಾರು ಲೆಕ್ಕಕ್ಕೆ ಬರುತ್ತೋ ಇಲ್ವೋ ಗೊತ್ತಾಗ್ಲಿಲ್ಲ. ಬಾಗಿಲು ಹಾಕಮ್ಮ."
ಹಾಕಿದೆ. ಕ್ಯಾಸಲ್‌ಬಾರಿನ ಬಾಕಿಯೂ ಸೇರಿ ಇಪ್ಪತ್ತು ನಿಮಿಷ ಅತ್ತಳು. ಗಾಜೆಲ್ಲ ಮಂಜಾಯಿತು. ಆಮೇಲೆ, "ಹಿಮ್ಮಡಿ ನೋಯ್ತಿದೆ" ಎಂದಳು.

ಯಾಕೆ ಎಂದು ಕೇಳುವುದಿಲ್ಲವೆಂದು ಮಾತು ಕೊಟ್ಟಿದ್ದೆ. ಎಷ್ಟು ದಿನದಿಂದ ಎಂದು ಕೇಳಬಾರದೆಂದು ಇರಲಿಲ್ಲ, ಆದ್ದರಿಂದ ಕೇಳಿದೆ.
"ಐದು ವಾರ ಆಯ್ತು. ಸ್ಪರ್ಧೆ ಮುಗಿದ್ಮೇಲೆ ಕಾರಲ್ಲಿ ಹೇಳೋಣ ಅಂತಿದ್ದೆ. ಆಮೇಲೆ ಕಾರೇ ಇರಲಿಲ್ಲ." ಮೂಗು ಒರೆಸಿಕೊಂಡಳು. "ಭಾನುವಾರ ನಾನು ಕುಣಿಯಲ್ಲಮ್ಮ. ಮಿಕ್ಕಿದ ಏಳು ಜನ ನನ್ನ ಕೊಂದೇ ಹಾಕ್ತಾರೆ."

ಏಳೇ ಜನರಾದರೆ ತಂಡವನ್ನು ವೇದಿಕೆ ಹತ್ತಿಸುವುದಿಲ್ಲ ಎಂಬುದು ನನಗೂ ಗೊತ್ತು. ಆ ಏಳು ತಾಯಂದಿರಲ್ಲಿ ಇಬ್ಬರು ನನ್ನ ಜೊತೆಯಲ್ಲೇ ಕೆಲಸ ಮಾಡುತ್ತಾರೆ. "ಇದೊಂದು ಭಾನುವಾರ ತಡ್ಕೊಂಡುಬಿಡು ಪುಟ್ಟಾ" ಎಂಬ ವಾಕ್ಯ ನನ್ನ ನಾಲಿಗೆಯ ತುದಿಗೆ ಬಂದಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ನಿಯಮ 4ರಂತೆ ಮೂರು ಎಣಿಸಿದೆ. ವಾಕ್ಯ ಹೋಯಿತು. ತಮ್ಮ ತರಬೇತಿ ಕೆಲಸ ಮಾಡುತ್ತದೆ.

5. ಶುಕ್ರವಾರ ಫಿಸಿಯೋಥೆರಪಿಸ್ಟ್ ನೋಡಿ, ಹಿಮ್ಮಡಿಯ ಮೂಳೆ ಇನ್ನೂ ಬೆಳೆಯುತ್ತಿದೆ, ಆರು ವಾರ ನೆಗೆಯುವಂತಿಲ್ಲ, ಆಮೇಲೆ ಧಾರಾಳವಾಗಿ ಕುಣಿಯಬಹುದು ಎಂದಿದ್ದಾರೆ. "ಇಷ್ಟು ದಿನ ಹೇಗಮ್ಮಾ ತಡ್ಕೊಂಡೆ?" ಎಂದು ಕೇಳಿದ್ದಕ್ಕೆ ಸೈವ್, "ಮನೋಬಲ, ಹತ್ತಕ್ಕೆ ಹತ್ತು" ಎಂದಳು. ಅವರು ನನ್ನ ಕಡೆ ನೋಡಿದರು.

ಆದ್ದರಿಂದ ತಮ್ಮಲ್ಲಿ ವಿನಂತಿಸುವುದೇನೆಂದರೆ,

ಅ) ನಿಯಮ 7ರಲ್ಲಿ "ಕಾರು" ಎಂದಿರುವಲ್ಲಿ ಬಸ್ಸು, ರೈಲು, ಅಡುಗೆಮನೆ ಮತ್ತು ವೇದಿಕೆಯ ಮೆಟ್ಟಿಲುಗಳನ್ನೂ ಸೇರಿಸಬೇಕು. ನೋವಿದ್ದರೆ ಎಲ್ಲಿ ಬೇಕಾದರೂ ಹೇಳಬಹುದೆಂದು ತಾವೇ ಮಕ್ಕಳ ಮುಂದೆ ಹೇಳಬೇಕು. ನಾನು ಹೇಳಿದರೆ ಸೈವ್ "ಮಿಸ್‌ನ ಕೇಳ್ಬೇಕು" ಅನ್ನುತ್ತಾಳೆ.

ಆ) ತೆರವಾಗುವ ಎಂಟನೆಯ ಸ್ಥಾನದ ಬಗ್ಗೆ: ಅರ್ಜಿದಾರಳು ಪೂರ್ಣ ತರಬೇತಿ ಪಡೆದಿದ್ದು, ಕಾಗದ ಬೀಳಿಸುವುದಿಲ್ಲ. ಆದರೆ ವಯಸ್ಸು ನಲವತ್ಮೂರು. ಹನ್ನೆರಡರೊಳಗಿನವರ ವಿಭಾಗವಾದ ಕಾರಣ ಅರ್ಜಿ ಹಾಕುತ್ತಿಲ್ಲ.

ಇ) ಆರು ವಾರಗಳ ನಂತರ ಸೈವ್ ನಿಲ್ಲಲು ಸಾಲಿನಲ್ಲಿ ಜಾಗ ಉಳಿಸಬೇಕು. ಅವಳು ನನಗೆ ಹೇಳಿದ್ದು ಭಾನುವಾರ ಕುಣಿಯಲ್ಲ ಎಂದು ಮಾತ್ರ.

ತಮ್ಮ ವಿಶ್ವಾಸಿ, ಈಗಲೂ ತುದಿಗಾಲ ಮೇಲೆ,
ಡೆರ್ವ್ಲಾ ಕಿಲ್ಕಲನ್

ಲಗತ್ತುಗಳು:
1. ಫಿಸಿಯೋಥೆರಪಿಸ್ಟರ ಪತ್ರ.
2. ಹನ್ನೊಂದು ವಾರಗಳ ಹಾಳೆ. ಕೊನೆಯ ಐದು ಅಂಕಗಳನ್ನು ಅರ್ಜಿದಾರಳೇ ಹೊಡೆದುಹಾಕಿ ಸಹಿ ಮಾಡಿದ್ದಾಳೆ.
3. ಕಾಲುಚೀಲ ಜಾರದಂತೆ ಹಚ್ಚುವ ಅಂಟು, ಅರ್ಧ ಸೀಸೆ. ಎಂಟನೆಯವಳಾಗಿ ಯಾರು ಬಂದರೂ ಅವರಿಗೆ, ಸೈವ್ ಕಡೆಯಿಂದ.

ಷರಾ: ಉಲ್ಲೇಖ 1ರ ಮಾತನ್ನು ಪಾಲಿಸಲಾಗಿದೆ. ಭಾನುವಾರ ಸೈವ್ ಕುಣಿಯುವುದಿಲ್ಲ. ಇದು ಕೋರಿಕೆಯಲ್ಲ, ಮಾಹಿತಿಗಾಗಿ.