ಅಳತೆಗೆ ಬಿದ್ದ ಬೀಗ

"ಇನ್ನು ಆ ಆ್ಯಪ್‌ಗೆ ಒಂದು ಸೆಡಿ ಕಾಸು ಕೂಡ ಬಿಚ್ಚಲ್ಲ!" ಎಂದು ದರ್ಜಿ ಅಂಪೊಫೊ ಕತ್ತರಿ ಎತ್ತಿ ಹಿಡಿದು ಘೋಷಿಸಿದಾಗ ಘಾನಾದ ಇಡೀ ಕುಮಾಸಿ ಪಟ್ಟಣ ನಡುಗಬೇಕಿತ್ತು. ಹೆಂಡತಿ ಸೆರ್ವಾ ಬಾಳೆಕಾಯಿ ಸುಲಿಯುತ್ತಾ ತಲೆಯನ್ನೂ ಎತ್ತಲಿಲ್ಲ.

ಗಿರಾಕಿಗಳ ಅಳತೆ ಬರೆದಿಡುವ ಆ ಆ್ಯಪ್ ಮೊದಲ ಮೂರು ತಿಂಗಳು ಪುಕ್ಕಟೆ. ಆಗಲೇ ಅವನಿಗೆ ಗುಮಾನಿ. ಪುಕ್ಕಟೆ ಕೊಡಲು ಅವರೇನು ತನ್ನ ಸೋದರಮಾವಂದಿರೇ? ಆಮೇಲೆ ತಿಂಗಳ ಚಂದಾ ಬಂತು. ಚಂದಾ ಏರಿತು, ಗುಮಾನಿಯೂ ಏರಿತು! ಕದ್ದು ಕೇಳುತ್ತದೆಂದು ಫೋನಿನ ಮೇಲೆ ಸಾರಿನ ಪಾತ್ರೆ ಬೋರಲು ಹಾಕಿಯೇ ಗಿರಾಕಿಗಳೊಡನೆ ಮಾತಾಡುತ್ತಿದ್ದ.

ಮಂಗಳವಾರ ಚಂದಾ ರದ್ದು ಮಾಡಿದ. ಬುಧವಾರ ಆ್ಯಪ್ ತೆರೆದರೆ ಬೀಗದ ಚಿತ್ರ! ಕೆಳಗೊಂದು ಸಾಲು: "ನಿಮ್ಮ ಅಳತೆಗಳು ನಮ್ಮಲ್ಲಿ ಭದ್ರವಾಗಿವೆ. ಚಂದಾ ಕಟ್ಟಿ, ನೋಡಿ."

ಅಂಪೊಫೊ ಕ್ಯಾಲೆಂಡರ್ ನೋಡಿದ. ಶನಿವಾರ ಅವನ ಗಿರಾಕಿ ದೂಫಿಯಮ್ಮನ ಅಣ್ಣನ ಶವಸಂಸ್ಕಾರ. ಆ ಮನೆಯ ಇಪ್ಪತ್ಮೂರು ಹೆಂಗಸರಿಗೆ ಶೋಕದ ಕಪ್ಪು-ಕೆಂಪು ಉಡುಪು ಹೊಲಿದು ಕೊಡಬೇಕು. ತಪ್ಪಿದರೆ ಊರಿನ ಯಾವ ಸಾವಿಗೂ ಅವನನ್ನು ಕರೆಯುವವರಿಲ್ಲ.

"ಹಳೇ ಅಳತೆ ಪುಸ್ತಕ ಎಲ್ಲೇ?"

"ಆ್ಯಪ್ ಬಂದ ದಿನ ನೀವೇ ಹರಿದು ಒಲೆ ಹಚ್ಚಿದ್ರಲ್ಲ! 'ಇನ್ನು ನಾನು ಡಿಜಿಟಲ್ ದರ್ಜಿ' ಅಂತ ಕುಣಿದಿದ್ದೂ ಮರ್ತುಹೋಯ್ತಾ?"

"ನನ್ನ ಟೇಪಲ್ಲಿ ನಾನು ತೆಗೆದ ಅಳತೆ ಕಣೇ! ನನಗೇ ತೋರಿಸಲ್ಲ ಅಂದ್ರೆ ಹಗಲುದರೋಡೆ! ಬಿಟ್ಟು ಹೋಗೋಣ ಅಂದ್ರೆ ಕಾಲಿಗೇ ಹಗ್ಗ ಕಟ್ಟಿದಾರೆ!"

ಅಷ್ಟರಲ್ಲಿ ದೂಫಿಯಮ್ಮನೇ ಬಂದಳು. ಟೇಪು ಹಿಡಿದು ನಿಂತವನನ್ನು ಕಂಡು ಅವಳ ಹುಬ್ಬು ಗಂಟಿಕ್ಕಿತು.

"ಮತ್ತೆ ಅಳತೆಯಾ? ಅಂದ್ರೆ ಇನ್ನೂ ಹೊಲಿದೇ ಇಲ್ಲ! ತಾರಯ್ಯಾ ನನ್ನ ಬಟ್ಟೆ, ಎದುರಂಗಡಿಯವನಿಗೆ ಕೊಡ್ತೀನಿ."

ಈ ಮಾತಿಗೆ ಮಾತ್ರ ಅಂಪೊಫೊ ಹೆದರಲಿಲ್ಲ. ಅದಕ್ಕೆ ಅವನಲ್ಲಿ ಇಪ್ಪತ್ತು ವರ್ಷದ ಹಳೇ ಮದ್ದಿತ್ತು. ಬಟ್ಟೆ ಕೈಗೆ ಬಂದ ದಿನವೇ ಅದರ ಕೊರಳ ಜಾಗಕ್ಕೊಂದು ಕತ್ತರಿ ಹಾಕಿಬಿಡುವುದು. ಆಮೇಲೆ ಬೇರೆ ಯಾವ ದರ್ಜಿಯೂ ಅದನ್ನು ಮುಟ್ಟುವುದಿಲ್ಲ.

"ಆಗಲೇ ಕತ್ತರಿಸಿಬಿಟ್ಟಿದ್ದೀನಲ್ಲ ತಾಯಿ, ಎಲ್ಲಿಗೆ ಹೋಗ್ತೀರಿ?" ಎಂದು ಹಲ್ಲುಕಿರಿದ. "ಚಿಂತೆ ಬಿಡಿ. ನಿಮ್ಮ ಬಟ್ಟೆ ನನ್ನ ಹತ್ರ ಭದ್ರವಾಗಿದೆ!"

ಸೆರ್ವಾಳ ಕೈಯಿಂದ ಬಾಳೆಕಾಯಿ ಜಾರಿತು. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು.

"ರೀ, ಆ ಆ್ಯಪ್ ಮಾಡಿದವನು ನಿಮ್ಮ ಹತ್ರಾನೇ ಬಟ್ಟೆ ಹೊಲಿಸಿರ್ಬೇಕು ಕಣ್ರೀ!"

ಅಂಪೊಫೊ ಸಾರಿನ ಪಾತ್ರೆ ಎತ್ತಿ, ಫೋನು ತೆಗೆದುಕೊಂಡು, ತೆಪ್ಪಗೆ ಇಡೀ ವರ್ಷದ ಚಂದಾ ಕಟ್ಟಿದ.