ಕಟ್ಟಕಡೆಯ ಬ್ಲಾಗು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಪುಟ್ಟ ಕೋಣೆ. ಮೇಜು ಹಾಕಿದರೆ ಮಂಚಕ್ಕೆ ಜಾಗವಿಲ್ಲ, ಮಂಚ ಹಾಕಿದರೆ ಮೇಜಿಗೆ ಜಾಗವಿಲ್ಲ, ಅಷ್ಟೇ ಅದರ ಅಳತೆ. ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತನಾಗಿದ್ದ ನಮ್ಮ ಕಥಾನಾಯಕ ಅಲ್ಲಿ ಮೇಜು ಹಾಕಿಕೊಂಡು ಬ್ಲಾಗು ಬರೆಯುತ್ತಿದ್ದ. ಹೆಂಡತಿಯ ತಂದೆ ಬಂದು ಇಲ್ಲೇ ನೆಲೆ ನಿಂತ ಮೇಲೆ ಮಂಚದ ಮಾತೆದ್ದಿತು. ಪಾಪ, ಮುದುಕರು ಹಾಲಿನ ಸೋಫಾದ ಮೇಲೆ ಕಾಲು ಮಡಚಿ ಮಲಗುತ್ತಿದ್ದರು.

"ನೋಡ್ರೀ, ಆ ಬ್ಲಾಗ್ ಸ್ಪರ್ಧೇಲಿ ನಿಮಗೆ ಮೊದಲ ಬಹುಮಾನ ಬಂದ್ರೆ ರೂಮು ನಿಮ್ದು. ಇಲ್ಲಾಂದ್ರೆ ಅಪ್ಪಂದು. ಸುಮ್ನೆ ಗೀಚೋರಿಗೆಲ್ಲ ರೂಮ್ಯಾಕೆ?" ಎಂದು ಹೆಂಡತಿ ತೀರ್ಪು ಕೊಟ್ಟಳು.

ಅವನು ಸ್ಪರ್ಧೆಗೆ ಕಳಿಸಿದ್ದ 'ಮೌನದೊಳಗಿನ ಮೌನ' ಎಷ್ಟು ಉದ್ದವಿತ್ತೆಂದರೆ, ಮೊಬೈಲಿನಲ್ಲಿ ಅದರ ತುದಿ ಮುಟ್ಟುವಷ್ಟರಲ್ಲಿ ಹೆಬ್ಬೆರಳು ಸೋಲುತ್ತಿತ್ತು. ಆದರೆ ಉತ್ತಮ ಬರಹ ಯಾವುದೆಂದು ತೀರ್ಮಾನಿಸುವುದು ಓದುಗರ ವೋಟು. ಅದಕ್ಕೊಂದು ನಿಯಮ ಬೇರೆ: ಒಬ್ಬೊಬ್ಬರೂ ಎರಡು ಬ್ಲಾಗಿಗೆ ವೋಟು ಹಾಕಲೇಬೇಕು, ಒಂದಕ್ಕೇ ಹಾಕಿದರೆ ಅದು ಲೆಕ್ಕಕ್ಕಿಲ್ಲ.

ಕೊನೆಯ ದಿನ ಬೆಳಗ್ಗೆ ನೋಡಿದರೆ ಅವನದು ನಾಲ್ಕನೆಯ ಸ್ಥಾನ. ತನ್ನವರ ಎರಡನೇ ವೋಟು ಮೇಲಿನ ಮೂವರಲ್ಲಿ ಯಾರಿಗೆ ಬಿದ್ದರೂ ಕೆಲಸ ಕೆಟ್ಟಂತೆಯೇ! ಪಟ್ಟಿಯ ತಳಕ್ಕೆ ಹೋದ. ಅಲ್ಲಿ 'ಹಲೋ ಹಲೋ' ಎಂಬ ಬ್ಲಾಗು ಒಂದೂ ವೋಟಿಲ್ಲದೆ ಬಿದ್ದುಕೊಂಡಿತ್ತು. ಅದನ್ನು ತೆರೆದು ನೋಡುವ ಗೋಜಿಗೂ ಅವನು ಹೋಗಲಿಲ್ಲ. ಎರಡನೇ ವೋಟು ಈ ಬಡಪಾಯಿಗೆ ಹೋಗಲಿ, ಯಾರಿಗೂ ತೊಂದರೆಯಿಲ್ಲ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ.

"ಅಳಿಯಂದ್ರೇ, ಈ ಫೋನು ಮತ್ತೇನೋ ಕೇಳ್ತಾ ಇದೆ," ಎಂದು ಮಾವ ಅಡ್ಡ ಬಂದರು. ಬ್ಲಾಗು ಅಂದರೇನು, ಅದನ್ನು ಹೇಗೆ ತೆರೆಯುವುದು ಎಂದು ಹೋದ ವಾರವೆಲ್ಲ ಜೀವ ತಿಂದಿದ್ದರು.

"ಅದೇನು ಕೇಳಿದ್ರೂ ಹೂಂ ಅಂತ ಒತ್ಬಿಡಿ ಮಾವ. ಆವತ್ತೇ ಹೇಳಿದ್ನಲ್ಲ!" ಎನ್ನುತ್ತ ಓಡಿದ.

ಮೆಟ್ಟಿಲ ಬಳಿ ಮೇಲಿನ ಮನೆಯ ಹಲ್ಲಿನ ಡಾಕ್ಟರು ಸಿಕ್ಕರು.

"ವೋಟು ತಾನೇ? ಹಾಕೋಣ. ಮೊದಲು ಬಾಯಿ ತೆಗೀರಿ. ಅಯ್ಯಯ್ಯೋ, ಆ ದವಡೆ ಹಲ್ಲು ಕೀಳಲೇಬೇಕು ಕಣ್ರೀ. ಭಾನುವಾರ ಬರ್ತೀರಾ?"

ಗಟ್ಟಿಮುಟ್ಟಾದ ಹಲ್ಲನ್ನು ಒತ್ತೆಯಿಟ್ಟು ವೋಟು ಪಡೆದ. ಕಚೇರಿಯಲ್ಲಿ ಕ್ಯಾಷಿಯರಮ್ಮ ಇನ್ನೂ ಗಟ್ಟಿ. "ನನ್ನದೂ ನನ್ನ ಮನೆಯವರದೂ ಹಾಕಿಸ್ತೀನಿ. ಇವತ್ತು ದೂರಿನ ಕೌಂಟರಲ್ಲಿ ನೀವೇ ಕೂತ್ಕೊಳ್ಳಿ," ಎಂದರು. ಕೂತ. ಬಂದ ಮೊದಲ ಗಿರಾಕಿಯನ್ನೇ ಕೇಳಿದ.

"ನಲ್ಲೀಲಿ ನೀರಿಲ್ಲ ಅಂತ ನಾನು ಬಾಯಿ ಬಡ್ಕೋತಿದ್ರೆ, ನೀವು ವೋಟು ಕೇಳ್ತೀರಲ್ರೀ! ಮಾನ ಮರ್ಯಾದೆ ಇದೆಯಾ?"

"ಎರಡು ಸಲ ಒತ್ತಿ ಸಾರ್. ನಂದಕ್ಕೊಂದು, ಕಟ್ಟಕಡೇದಕ್ಕೊಂದು. ನಾಳೆ ಬೆಳಗ್ಗೆ ನಾನೇ ನಿಂತು ನಿಮ್ಮನೆಗೆ ನೀರು ಬಿಡಿಸ್ತೀನಿ."

ಸುದ್ದಿ ಸಾಲಿನುದ್ದಕ್ಕೂ ಹಬ್ಬಿತು. ಸಂಜೆಯೊಳಗೆ ಅರ್ಧ ಊರಿಗೆ ಅವನು ನೀರಿನ ಮಾತು ಕೊಟ್ಟಿದ್ದ.

ಉಳಿದವರು ಮ್ಯಾನೇಜರು. "ಓದದೆ ವೋಟು ಹಾಕೋ ಜಾಯಮಾನ ನಂದಲ್ಲ. ಓದಿ, ಕೇಳ್ತೀನಿ," ಎಂದರು. ಓದತೊಡಗಿದ. ಎರಡನೇ ಪ್ಯಾರಾಕ್ಕೆ ಅವರ ತಲೆ ವಾಲಿತು, ಮೂರಕ್ಕೆ ಗೊರಕೆ. ಹೊತ್ತು ಮೀರುತ್ತಿತ್ತು. ಅವನು ಅವರ ಹೆಬ್ಬೆರಳನ್ನು ಮೆಲ್ಲಗೆ ಹಿಡಿದು ಫೋನಿನ ಮೇಲೆ ಒಮ್ಮೆ ಒತ್ತಿಸಿದ. ಎರಡನೇ ಸಲಕ್ಕೆ ಅವರು ಕಣ್ಣು ಬಿಟ್ಟರು.

"ಏನ್ರೀ ಇದು? ನನ್ನ ಕೈ ಹಿಡ್ಕೊಂಡು ಏನ್ ಮಾಡ್ತಿದ್ದೀರಿ?"

ಇನ್ನು ಮುಂದೆ ದೂರಿನ ಕೌಂಟರು ಅವನಿಗೇ ಕಾಯಂ ಎಂದು ಅಲ್ಲೇ ಆಜ್ಞೆಯಾಯಿತು. ಹಾಳಾಗಲಿ, ಕೋಣೆ ಉಳಿದರೆ ಸಾಕು ಎಂದುಕೊಂಡು ಅವನು ಫೋನು ಹಿಡಿದು ಕೂತ.

ಫಲಿತಾಂಶ ಬಂತು. ಮೊದಲ ಬಹುಮಾನ: 'ಹಲೋ ಹಲೋ'.

ಅವನು ಪಟ್ಟಿಯನ್ನು ಮೇಲಿಂದ ಕೆಳಗೆ ಇನ್ನೊಮ್ಮೆ ನೋಡಿದ. ಆಮೇಲೆ ಹೊಳೆಯಿತು. ಎರಡನೇ ವೋಟನ್ನು ಕಟ್ಟಕಡೆಯ ಬಡಪಾಯಿಗೆ ಹಾಕಿಸುವ ಜಾಣತನ ಅವನೊಬ್ಬನಿಗೇ ಬಂದಿರಲಿಲ್ಲ, ಸ್ಪರ್ಧಿಗಳೆಲ್ಲರಿಗೂ ಬಂದಿತ್ತು! ಎಲ್ಲರ ಬಳಗವೂ ಸೇರಿ ಆ ಬಡಪಾಯಿಯನ್ನು ಹೊತ್ತು ಮೆರೆಸಿತ್ತು. ಕೊನೆಗೂ ಆ ಬ್ಲಾಗನ್ನು ತೆರೆದ. ಇದ್ದದ್ದು ಒಂದೇ ಸಾಲು: 'ಹಲೋ ಹಲೋ, ಯಾರಾದರೂ ಇದ್ದೀರಾ?' ಕೆಳಗೆ ಸಂಘಟಕರ ಪ್ರಶಂಸೆ: 'ನಮ್ಮ ಕಾಲದ ಒಂಟಿತನವನ್ನು ಇಷ್ಟು ಮಿತವಾದ ಮಾತಿನಲ್ಲಿ ಇನ್ನಾರೂ ಹಿಡಿದಿಲ್ಲ.'

ಕಾಲೆಳೆಯುತ್ತ ಮನೆಗೆ ಬಂದ. ಬಾಗಿಲಲ್ಲೇ ಮಾವ ಫೋನು ಮುಂದೆ ಹಿಡಿದರು.

"ಅಳಿಯಂದ್ರೇ, ನನಗೇನೋ ಬಹುಮಾನ ಅಂತೆ! ಆವತ್ತು ನೀವು ಬ್ಲಾಗು ತೆರೆಯೋದು ಹೇಳ್ಕೊಟ್ರಲ್ಲ, ಕೇಳಿಸುತ್ತೋ ಇಲ್ವೋ ಅಂತ ಹಲೋ ಹಲೋ, ಯಾರಾದ್ರೂ ಇದ್ದೀರಾ ಅಂದಿದ್ದೆ. ಅದು ಹಾಗೇ ಬರ್ಕೊಂಡ್ಬಿಡ್ತು. ಸ್ಪರ್ಧೆಗೆ ಕಳಿಸೋದಾ ಅಂತ ಕೇಳ್ತು. ನೀವು ಹೇಳಿದ ಹಾಗೇ ಹೂಂ ಅಂತ ಒತ್ತಿದೆ."

ಅವನು ಸೋಫಾದ ಮೇಲೆ ಕುಸಿದ. ಅಷ್ಟರಲ್ಲಾಗಲೇ ಮೇಜು ಹಾಲಿಗೆ ಬಂದಿತ್ತು, ಮಂಚ ಒಳಗೆ ಹೋಗಿತ್ತು. ಬಹುಮಾನ ಗೆದ್ದವರು ವಾರಕ್ಕೊಂದು ಬ್ಲಾಗು ಬರೆಯಬೇಕಂತೆ, ಅದನ್ನು ಇನ್ನು ಗಂಡನೇ ಅಪ್ಪನ ಹೆಸರಿನಲ್ಲಿ ಬರೆಯಲಿ ಎಂದು ಹೆಂಡತಿ ಆಗಲೇ ಗೊತ್ತುಮಾಡಿಬಿಟ್ಟಿದ್ದಳು.

ಊಟವಾದ ಮೇಲೆ ಅವನು ಟಿವಿಯ ಪಕ್ಕ ಕೂತು ಮೊದಲ ಸಾಲು ಟೈಪು ಮಾಡಿದ. ಮುಚ್ಚಿದ ಕೋಣೆಯ ಒಳಗಿನಿಂದ ಗೊರಕೆ ಕೇಳಿಬರುತ್ತಿತ್ತು.

"ಶ್! ಸ್ವಲ್ಪ ಮೆಲ್ಲಗೆ ಕುಟ್ರೀ," ಎಂದಳು ಹೆಂಡತಿ, "ಒಳಗೆ ಅಪ್ಪ ಬರೀತಾ ಇದ್ದಾರೆ."