ನಾನು ಕಟ್ಟಿದ ಸರ್ವರ್ ಬುತ್ತಿ

ಕಂಪ್ಯೂಟರ್ ಕೆಲಸದವರ ಮಾನ ಹೋಗಲು ಕಂಪ್ಯೂಟರೇ ಕೆಡಬೇಕೆಂದಿಲ್ಲ. ನನ್ನದಂತೂ ಅದು ಚೆನ್ನಾಗಿ ನಡೆಯುತ್ತಿರುವಾಗಲೇ ಹೋಗುತ್ತದೆ, ಅದೂ ತಿಂಗಳಿಗೊಮ್ಮೆಯಾದರೂ.

ನಮ್ಮವರದು ಬ್ಯಾಂಕ್ ಕೆಲಸ. ವರ್ಗವಾದ ಊರಲ್ಲೆಲ್ಲ ನಾನು ಬರೀ ಮ್ಯಾನೇಜರರ ಹೆಂಡತಿ. ಅಹಮದಾಬಾದಿಗೆ ಬಂದ ಮೇಲೆ ಸ್ಯಾಟಲೈಟ್ ಎಂಬ ಬಡಾವಣೆಯ ಒಂದು ಪುಟ್ಟ ಕಂಪನಿಯಲ್ಲಿ ನನಗೂ ಕೆಲಸ ಸಿಕ್ಕಿತು. ವೆಬ್‌ಸೈಟನ್ನು ಊರಿಗೆ ತೋರಿಸುವ ಮೊದಲು ಕಟ್ಟುವವರು ತಮ್ಮ ಕಂಪ್ಯೂಟರಿನಲ್ಲೇ ನಡೆಸಿ ನೋಡಬೇಕಲ್ಲ, ಅದಕ್ಕೊಂದು ಹಗುರವಾದ ಸರ್ವರ್ ಬೇಕು. ಆ ಸರ್ವರನ್ನೂ ಅದರ ಸಾಮಾನು ಸರಂಜಾಮನ್ನೂ ಒಂದೇ ಫೋಲ್ಡರಿಗೆ ತುಂಬಿ, ಎರಡು ಸಲ ಕ್ಲಿಕ್ ಮಾಡಿದರೆ ಸಾಕು ಎನ್ನುವ ಹಾಗೆ ಕಟ್ಟಿಕೊಡುವುದು ನನ್ನ ಕೆಲಸ. ಮನೆಯಲ್ಲಿ ಅದನ್ನು ಬುತ್ತಿ ಎನ್ನುತ್ತೇನೆ. ಈ ಬುತ್ತಿಯಿಂದಲಾದರೂ ಜನ ನನ್ನನ್ನು ನನ್ನ ಕೆಲಸದಿಂದ ಗುರುತಿಸಲಿ ಎಂಬ ಆಸೆ. ಗುರುತಿಸಿದರು. ಹೇಗೆ ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಕಪ್ಪು ಕಿಟಕಿ

ವಡೋದರಾದ ಮಂಜಲ್‌ಪುರದಲ್ಲಿ ಒಂದು ಕಂಪ್ಯೂಟರ್ ಕ್ಲಾಸಿಗೆ ಬುತ್ತಿ ತೋರಿಸಲು ಹೋಗಿದ್ದೆ. ಕ್ಲಿಕ್ ಮಾಡಿದೊಡನೆ ಪರದೆಯ ಮೇಲೆ ಒಂದು ಕಪ್ಪು ಕಿಟಕಿ ತೆರೆಯುತ್ತದೆ. ಸರ್ವರ್ ಓಡುವುದು ಅದರೊಳಗೆ. ಅದನ್ನು ಮುಚ್ಚಿದರೆ ಎಲ್ಲ ನಿಂತಂತೆಯೇ.

"ಇಂಟರ್ನೆಟ್ಟೇ ಬೇಡ, ಆದರೆ ಈ ಕಿಟಕಿಯನ್ನು ಮಾತ್ರ ಮುಚ್ಚಬೇಡಿ. ಓದಿದವರೇ ಮುಚ್ಚಿ ನನಗೆ ಫೋನ್ ಮಾಡುತ್ತಾರೆ" ಎಂದು ಮೂರು ಸಲ ಹೇಳಿ ಎಲ್ಲರ ಕೈಯಲ್ಲೂ ಬರೆಸಿದೆ. ನಡುವೆ ಒಮ್ಮೆ ಪರದೆ ಗಜಿಬಿಜಿಯಾಗಿ ಕಂಡಿತು. ಮನೆಯಲ್ಲಿ ಖಾಲಿ ಲೋಟ ಕಂಡರೆ ಎತ್ತಿಡುವ ಕೈ ನನ್ನದು, ಮಾತಾಡುತ್ತಲೇ ಕಪ್ಪು ಕಿಟಕಿಯನ್ನು ಮುಚ್ಚಿಬಿಟ್ಟಿದ್ದೇನೆ! ಪುಟ ನಿಂತಿತು.

ನಾನು ಪ್ರೊಜೆಕ್ಟರಿನ ವಯರ್ ಅಲ್ಲಾಡಿಸಿದೆ. ಸ್ವಿಚ್ ಆರಿಸಿ ಹಾಕಿದೆ. ಕೊನೆಗೆ, "ನಿಮ್ಮ ಇಂಟರ್ನೆಟ್ ಸರಿ ಇಲ್ಲ" ಎಂದು ಮೇಷ್ಟ್ರನ್ನೇ ಗದರಿದೆ.

ಮುಂದಿನ ಬೆಂಚಿನ ಹುಡುಗಿ ಪೆನ್ನು ಹಿಡಿದು ಎದ್ದು ನಿಂತಳು. "ಮೇಡಂ, ಕಿಟಕಿ ಮುಚ್ಚಿದ ಮೇಲೆ ಏನೇನು ಮಾಡಬೇಕು ಅಂತ ನಿಧಾನವಾಗಿ ಹೇಳಿ, ವಯರ್ ಅಲ್ಲಾಡಿಸುವವರೆಗೆ ಬರೆದುಕೊಂಡಿದ್ದೇನೆ."

ಸೂರತ್ತಿನ ಸೀರೆ

ಸೂರತ್ತಿನ ಸೀರೆ ವ್ಯಾಪಾರಿಗೆ ವೆಬ್‌ಸೈಟಿನ ಮಾದರಿ ತೋರಿಸಬೇಕಿತ್ತು. ಅದಕ್ಕೆ ಮೊದಲು, ಅಲ್ಲೇ ಉಡುಪಿ ಹೋಟೆಲ್ ನಡೆಸುವ ನಮ್ಮ ಕಡೆಯವರಿಗೆ ಅವರ ತಿಂಡಿಪಟ್ಟಿಯ ಮಾದರಿ ತೋರಿಸಿ, ಅದನ್ನು ನಿಲ್ಲಿಸದೆ ಹಾಗೇ ಎದ್ದು ಬಂದಿದ್ದೆ. ಕಂಪ್ಯೂಟರಿನಲ್ಲಿ 'ಪೋರ್ಟ್' ಎಂಬ ಒಂದು ಬಾಗಿಲಲ್ಲಿ ಒಂದೇ ಸರ್ವರ್ ಕೂರಬಲ್ಲದು. ಹೋಟೆಲಿನದು ಕೂತೇ ಇತ್ತು, ಸೀರೆಯದು ಜಾಗ ಸಿಗದೆ ಸದ್ದಿಲ್ಲದೆ ಹಿಂದಿರುಗಿತ್ತು.

ಗಿರಾಕಿಯ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕೆಂದು ನಮ್ಮ ಕಂಪನಿಯ ಸಾಹೇಬರು ಕಲಿಸಿದ್ದರು. ಹಾಗಾಗಿ ಪರದೆಯನ್ನು ಅವರತ್ತ ತಿರುಗಿಸಿ, ನಾನು ನೋಡದೆಯೇ ಶುರು ಮಾಡಿದೆ. "ಬಣ್ಣ ನೋಡಿ ಸೇಠ್‌ಜೀ, ಎಷ್ಟು ಚೆನ್ನಾಗಿ ಬಂದಿದೆ. ಅಂಚು ನೋಡಿ. ಮಡಿಕೆ ನೋಡಿ."

ಪರದೆಯ ತುಂಬ ಮಸಾಲೆ ದೋಸೆ.

ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಅಂಚು ಗರಿಗರಿಯಾಗಿದೆ ಬೆನ್," ಎಂದರು, ತಂಗಿಯನ್ನು ಕರೆಯುವಷ್ಟೇ ಪ್ರೀತಿಯಿಂದ. "ಇದಕ್ಕೆ ಬ್ಲೌಸ್ ಪೀಸೂ ಬರುತ್ತದೆಯೋ, ಅಥವಾ ಬರೀ ಚಟ್ನಿಯೋ?"

ಆಮಂತ್ರಣ ಪತ್ರಿಕೆ

ಇಷ್ಟಾದರೂ ಇವೆಲ್ಲ ಗುರುತಿಲ್ಲದವರ ಮುಂದೆ. ನಮ್ಮ ಕನ್ನಡದವರ ಮುಂದೆ ಹೋದ ಮಾನವೇ ಬೇರೆ.

ಕನ್ನಡ ಸಂಘದ ವಾರ್ಷಿಕೋತ್ಸವದ ಊಟಕ್ಕೆ ಹೆಸರು ನೋಂದಾಯಿಸುವ ವೆಬ್‌ಸೈಟನ್ನು ನಾನೇ ಮಾಡುತ್ತೇನೆ ಎಂದು ಮೇಲೆ ಬಿದ್ದು ಒಪ್ಪಿಕೊಂಡೆ. ಅದಿನ್ನೂ ನನ್ನ ಲ್ಯಾಪ್‌ಟಾಪಿನ ಬುತ್ತಿಯಲ್ಲೇ ಇತ್ತು. ಅಷ್ಟರಲ್ಲಿ ಕಾರ್ಯದರ್ಶಿಗಳ ಫೋನ್. ಅವರು ಧಾರವಾಡದವರು, ರೈಲ್ವೆಯಿಂದ ನಿವೃತ್ತರು.

"ತಂಗಿ, ಕಾರ್ಡು ಪ್ರೆಸ್ಸಿಗೆ ಹೊಂಟೈತಿ, ಲಗೂನ ವಿಳಾಸ ಕಳಸು."

ಪರದೆಯ ಮೇಲೆ ಕಂಡದ್ದನ್ನು ಹಾಗೇ ಕಳಿಸಿದೆ. ಅದು 'ಲೋಕಲ್‌ಹೋಸ್ಟ್' ಎಂದು ಶುರುವಾಗುವ ವಿಳಾಸ. ಹಾಗೆಂದರೆ 'ಈ ಕಂಪ್ಯೂಟರೇ' ಎಂದರ್ಥ. ನನ್ನ ಲ್ಯಾಪ್‌ಟಾಪಿನ ಹೊರಗೆ ಅದಕ್ಕೆ ಪ್ರಪಂಚವೇ ಇಲ್ಲ. ಬೇರೆಯವರಿಗೆ ಇದನ್ನೇ ಪಾಠ ಹೇಳುವವಳು ನಾನು!

ಪತ್ರಿಕೆ ಹಂಚಿದ ದಿನದಿಂದ ಫೋನುಗಳು. "ತೆರೀತಾ ಇಲ್ಲ ಮೇಡಂ." ನಾನು ನನ್ನ ಲ್ಯಾಪ್‌ಟಾಪಿನಲ್ಲಿ ನೋಡುತ್ತಿದ್ದೆ, ಥಟ್ಟನೆ ತೆರೆಯುತ್ತಿತ್ತು. "ಇಲ್ಲಿ ಚೆನ್ನಾಗಿಯೇ ಬರ್ತಿದೆ, ನಿಮ್ಮ ಫೋನ್ ಹಳೇದಿರಬೇಕು" ಎಂದು ಹಿರಿಯರಿಗೂ ಬಿಡದೆ ಹೇಳಿದೆ. ಹೊಸ ಫೋನ್ ತೆಗೆದುಕೊಂಡವರೂ ಇದ್ದರಂತೆ. ನೆನೆದರೆ ಇವತ್ತಿಗೂ ಅವರ ಎದುರು ತಲೆ ಎತ್ತಲಾಗುವುದಿಲ್ಲ.

ಕೊನೆಗೆ ನಮ್ಮವರು ಪತ್ರಿಕೆ ಹಿಡಿದು ಕೇಳಿದರು: "ನಿನ್ನ ಲ್ಯಾಪ್‌ಟಾಪಲ್ಲಿ ತೆರೆಯುತ್ತೆ, ಪಕ್ಕದಲ್ಲೇ ಕೂತ ನನ್ನ ಫೋನಲ್ಲಿ ಯಾಕೆ ತೆರೆಯಲ್ಲ?"

ಆಗ ಹೊಳೆಯಿತು. ತಪ್ಪು ನನ್ನದು ಎಂದು ಕಾರ್ಯದರ್ಶಿಗಳಿಗೆ ಫೋನ್ ಮಾಡಿದರೆ, ಅವರು ಆಗಲೇ ಎಲ್ಲರಿಗೂ ಸುದ್ದಿ ಮುಟ್ಟಿಸಿಬಿಟ್ಟಿದ್ದರು: ಆಕೆಯ ಮನೆಯಲ್ಲಿ ಚೆನ್ನಾಗಿ ತೆರೆಯುತ್ತದಂತೆ, ಅಲ್ಲಿಗೇ ಹೋಗಿ.

ಭಾನುವಾರ ಅಹಮದಾಬಾದಿನ ಅಂಚಿನ ಬೋಪಾಲ್ ಬಡಾವಣೆಯ ನಮ್ಮ ಫ್ಲಾಟಿಗೆ ಸಂಘದವರು ಸಂಸಾರ ಸಮೇತ ಬಂದರು. ಸೋಫಾದಲ್ಲಿ ಸರದಿ, ಮೆಟ್ಟಿಲಲ್ಲಿ ಚಪ್ಪಲಿಗಳ ರಾಶಿ. ಒಬ್ಬೊಬ್ಬರಾಗಿ ನನ್ನ ಲ್ಯಾಪ್‌ಟಾಪಿನ ಮುಂದೆ ಕೂತು ಹೆಸರು ಬರೆದು, ಕಾಫಿ ಕುಡಿದು, "ಎಷ್ಟು ಬೇಗ ತೆರೆಯುತ್ತೆ!" ಎಂದು ಹೊಗಳಿ ಹೋದರು. ಒಬ್ಬರೂ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ವಾರ್ಷಿಕೋತ್ಸವದ ದಿನ ಕಾರ್ಯದರ್ಶಿಗಳು ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಅಂತೂ ನನ್ನ ಕೆಲಸದಿಂದ ಗುರುತಿಸಿ ಕರೆದರಲ್ಲ ಎಂದು ನಾನು ಕೈಮುಗಿದು ನಿಂತಿದ್ದೆ. ಅವರು ಮೈಕ್ ಹಿಡಿದರು.

"ನಮ್ಮ ಸಂಘದ ವೆಬ್‌ಸೈಟ್ ಇವರು ಮಾಡ್ಯಾರ. ನೋಡಬೇಕನ್ನೋರು ಬೋಪಾಲಕ್ಕ ಹೋಗ್ರಿ, ನಾಲ್ಕನೇ ಮಹಡಿ. ಎರಡು ಸಲ ಬೆಲ್ ಒತ್ತಿದ್ರ ತೆರೀತೈತಿ. ತೆರೀಲಿಲ್ಲಂದ್ರ ಸರ್ವರ್ ಕೆಟ್ಟೈತಿ ಅಂತ ತಿಳಕೋಬ್ಯಾಡ್ರಿ, ತಂಗಿ ಕಾಯಿಪಲ್ಲೆ ತರಾಕ ಹೋಗಿರ್ತಾಳ."